ಶಾಂತಿಪಾಲಕಿಯ ಮಾವ

ತೊಂಡೇಬಾವಿ ಸ್ಟೇಷನ್ನಿನಾಚೆಯ ರೈಲ್ವೆ ಗೇಟಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ನರಸಪ್ಪನವರಿಗೆ, ತಾವು ಕೈ ಎತ್ತಿದರೆ ಎಂಥವರೂ ನಿಲ್ಲುತ್ತಾರೆ ಎಂಬ ನಂಬಿಕೆ ಮೈಗೂಡಿಬಿಟ್ಟಿತ್ತು. ಎತ್ತಿನಗಾಡಿ ನಿಂತಿತ್ತು, ಟ್ರ್ಯಾಕ್ಟರು ನಿಂತಿತ್ತು, ಒಂದು ಸಲ ಮಂತ್ರಿಯೊಬ್ಬರ ಕಾರೂ ನಿಂತಿತ್ತು. ನಿವೃತ್ತಿಯಾದ ಮೇಲೆ ಆ ಕೈಗೆ ಮನೆಯಲ್ಲಿ ಡ್ಯೂಟಿ ಬಿತ್ತು. ಹೆಂಡತಿ ಯಶೋದಮ್ಮ ಏನಾದರೂ ಹೇಳಲು ಬಾಯಿ ತೆರೆದರೆ ನರಸಪ್ಪನವರ ಅಂಗೈ ಮೇಲೇಳುತ್ತಿತ್ತು, ಯಶೋದಮ್ಮ ಅರ್ಧಕ್ಕೇ ಮಾತು ನುಂಗಿ ಒಳಗೆ ಹೋಗುತ್ತಿದ್ದರು.

2006ರ ಕೊನೆಯ ಒಂದು ಭಾನುವಾರ ದೆಹಲಿಯಿಂದ ಸೊಸೆ ರಾಧಾಮಣಿಯ ಫೋನು ಬಂದಾಗಲೂ ಅವರು ಕೈ ಎತ್ತಿದರು. ಫೋನಿನಲ್ಲಿ ಅದು ಯಾರಿಗೆ ಕಾಣಬೇಕು?

“ಮಾವ, ನನ್ನ ಸೆಲೆಕ್ಟ್ ಮಾಡಿದಾರೆ,” ಅಂದಳು ರಾಧಾಮಣಿ. ಅವಳು ಸಿಆರ್‌ಪಿಎಫ್‌ನಲ್ಲಿ ಕಾನ್‌ಸ್ಟೇಬಲ್. “ವಿಶ್ವಸಂಸ್ಥೆ ಡ್ಯೂಟಿ. ಆಫ್ರಿಕಾದಲ್ಲಿ ಲೈಬೀರಿಯಾ ಅಂತ ದೇಶ. ಬರೀ ಹೆಂಗಸರದ್ದೇ ತುಕಡಿ. ಒಂದು ವರ್ಷ.”

“ಅಲ್ಲಿ ಯುದ್ಧ ನಡೀತಿದೆಯೇನಮ್ಮ?”

“ಮುಗಿದು ಮೂರು ವರ್ಷ ಆಯ್ತು. ಮತ್ತೆ ಶುರುವಾಗ್ದೇ ಇರ್ಲಿ ಅಂತ ನಾವು ಹೋಗೋದು.”

“ಹೆಣ್ಣುಮಕ್ಕಳು ಹೋಗಿ ನಿಂತ್ರೆ ಯುದ್ಧ ನಿಲ್ಲುತ್ತೇನಮ್ಮ? ಸಾಧ್ಯವಿಲ್ಲ ಅಂತ ಹೇಳ್ಬಿಡು.”

“ಹೇಳೋ ಹಂಗಿಲ್ಲ ಮಾವ. ಹೇಳೋ ಮನಸ್ಸೂ ಇಲ್ಲ. ಚೈತ್ರನ್ನ ಯಾರು ನೋಡ್ಕೋತೀರಾ, ಅದೊಂದು ಹೇಳಿ.”

ಚೈತ್ರಳಿಗೆ ಆಗ ನಾಲ್ಕು ವರ್ಷ. ತಾಯಿಯ ಜೊತೆ ದೆಹಲಿಯ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಬೆಳೆಯುತ್ತಿದ್ದಳು. ತಂದೆ ಬೀರೇಶ್ ಚಿಕ್ಕಬಳ್ಳಾಪುರದಲ್ಲಿ ಬಸ್ ಕಂಡಕ್ಟರು, ಇನ್ನಿಬ್ಬರು ಕಂಡಕ್ಟರುಗಳ ಜೊತೆ ಬಾಡಿಗೆ ರೂಮಿನಲ್ಲಿದ್ದ.

ನರಸಪ್ಪನವರು ಎರಡು ವಾರ ಸಿಟ್ಟಿನಲ್ಲಿದ್ದರು. ಮೂರನೆಯ ವಾರ ಪತ್ರಿಕೆಯಲ್ಲಿ ಆ ತುಕಡಿಯ ಸುದ್ದಿ ಬಂತು. ನೀಲಿ ಟೋಪಿ ಹಾಕಿಕೊಂಡು ಸಾಲಾಗಿ ನಿಂತ ಹೆಂಗಸರ ಫೋಟೋ, ಜಗತ್ತಿನಲ್ಲೇ ಇಂಥದ್ದು ಮೊದಲು ಎಂಬ ಒಕ್ಕಣೆ. ಅಂದು ಬೆಳಿಗ್ಗೆ ಸ್ಟೇಷನ್ ರಸ್ತೆಯ ಹೋಟೆಲಿಗೆ ಹೋದಾಗ ಹೋಟೆಲಿನ ವೆಂಕಟರವಣಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದು, “ಬರಬೇಕು ಬರಬೇಕು, ನಿಮ್ಮ ಸೊಸೆ ನಮ್ಮೂರ ಹೆಸರು ಎಲ್ಲಿಗೆ ತಗೊಂಡ್ಹೋದ್ಳು ನೋಡಿ!” ಎಂದು ಕಾಫಿಯನ್ನು ತಾನೇ ತಂದಿಟ್ಟ. ಆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನರಸಪ್ಪನವರ ಅಭಿಪ್ರಾಯ ಬದಲಾಗಿತ್ತು.

“ನಾನೇ ಹೇಳ್ದೆ ಕಣಯ್ಯ. ಹೋಗಮ್ಮ, ಹಿಂದೆ ಮುಂದೆ ನೋಡ್ಬೇಡ ಅಂತ,” ಅಂದರು.

ಮಗುವಿನ ವಿಚಾರ ತೀರ್ಮಾನಿಸಲು ಅವರ ಮನೆಯ ಜಗುಲಿಯ ಮೇಲೆ ಒಂದು ಸಭೆ ಸೇರಿತು. ಬೀರೇಶ್ ಬಂದ. ಮಂಡಿಕಲ್ ಕಡೆಯ ಹಳ್ಳಿಯಿಂದ ರಾಧಾಮಣಿಯ ಅಣ್ಣ ಸುನೀಲ್‌ಕುಮಾರ್ ಬಂದ. ದೇಶದ ಗೌರವದ ಬಗ್ಗೆ ಮೂವರೂ ಚೆನ್ನಾಗಿ ಮಾತಾಡಿದರು. ಹೊಣೆಯನ್ನು ಒಬ್ಬರ ತಲೆಗೇ ಕಟ್ಟಬಾರದು, ಸಮನಾಗಿ ಹಂಚಿಕೊಳ್ಳಬೇಕು ಎಂದು ನರಸಪ್ಪನವರು ಠರಾವು ಮಾಡಿದರು. ಫೆಬ್ರವರಿಯಿಂದ ಮೇವರೆಗೆ ಮಗು ತೊಂಡೇಬಾವಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋದರಮಾವನ ಮನೆಯಲ್ಲಿ, ಅಕ್ಟೋಬರ್‌ನಿಂದ ಜನವರಿವರೆಗೆ ಚಿಕ್ಕಬಳ್ಳಾಪುರದಲ್ಲಿ ತಂದೆಯ ಬಳಿ. ಹಾಳೆಯ ಮೇಲೆ ಬರೆದು ಮೂವರೂ ಸಹಿ ಹಾಕಿದರು. ಬಾಗಿಲಿಗೆ ಒರಗಿ ನಿಂತಿದ್ದ ಯಶೋದಮ್ಮ, “ಅಲ್ಲಾ, ನನ್ನೊಂದು ಮಾತು ಕೇಳಿ...” ಅಂದರು. ಅಂಗೈ ಮೇಲೆದ್ದಿತು.

ಜನವರಿ ಕೊನೆಯಲ್ಲಿ ರಾಧಾಮಣಿ ಮಗುವನ್ನು ತಂದುಬಿಟ್ಟು ಹೋದಳು. ಹೋಗುವಾಗ ಅವಳು ಅಳಲಿಲ್ಲ, ಮಗುವೂ ಅಳಲಿಲ್ಲ. ಮಾರನೆಯ ದಿನ ಮಾತ್ರ ಮಗು ಬೆಳಗಿನಿಂದ ಸಂಜೆಯವರೆಗೆ ಅತ್ತಿತು. ಯಶೋದಮ್ಮ ಅದನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮುದ್ದೆ ತೊಳಸಿದರು.

ನರಸಪ್ಪನವರು ಓದಲು ಕೂತರು. ಲೈಬ್ರರಿಯಿಂದ ಭೂಪಟ ತಂದರು, ಎರಡು ಪತ್ರಿಕೆ ಹಾಕಿಸಿಕೊಂಡರು. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವೇ ಇಲ್ಲ, ದೇಶಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ತಿಳಿದಾಗ ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಓದುತ್ತಾ ಹೋದಂತೆ ಆಶ್ಚರ್ಯ ಕೋಪಕ್ಕೆ ತಿರುಗಿತು. ಆ ಕೋಪಕ್ಕೆ ಹೋಟೆಲಿನಲ್ಲಿ ಒಳ್ಳೆಯ ಶ್ರೋತೃಗಳು ಸಿಕ್ಕಿದರು.

“ನೋಡಯ್ಯ ವೆಂಕಟರವಣಪ್ಪ, ನ್ಯೂಯಾರ್ಕಲ್ಲಿ ಹದಿನೈದು ಜನ ಒಂದು ಮೇಜಿನ ಸುತ್ತ ಕೂತ್ಕೋತಾರೆ. ಅದ್ರಲ್ಲಿ ಐದು ಜನಕ್ಕೆ ಬೇಡ ಅನ್ನೋ ಹಕ್ಕು. ಕಳಿಸಿ ಅಂತ ಕೈ ಎತ್ತೋರು ಅವ್ರು. ಹೋಗೋರ್ಯಾರು? ನಾವು, ಪಾಕಿಸ್ತಾನದೋರು, ಬಾಂಗ್ಲಾದೋರು, ನೇಪಾಳದೋರು. ದುಡ್ಡು ಕೊಡೋ ದೊಡ್ಡೋರು, ನಾವು ದುಡ್ಡು ಕೊಟ್ವಲ್ಲ ಅಂತ ಕೈ ತೊಳ್ಕೋತಾರೆ. ಅದೂ ಹೊತ್ತಿಗೆ ಸರಿಯಾಗಿ ಕೊಡಲ್ವಂತೆ. ಬಿಸಿಲಲ್ಲಿ ನಿಲ್ಲೋರಿಗೆ ಮಾತಿಲ್ಲ, ಮಾತಾಡೋರಿಗೆ ಬಿಸಿಲಿಲ್ಲ.”

“ಹಂಗಾದ್ರೆ ನಾವ್ಯಾಕೆ ಕಳಿಸ್ಬೇಕು?”

“ಮರ್ಯಾದೆಗೆ ಕಣಯ್ಯ! ನಾಳೆ ಆ ಮೇಜಿನ ಹತ್ರ ನಮಗೂ ಒಂದು ಕುರ್ಚಿ ಹಾಕ್ಲಿ ಅಂತ.”

“ಹಾಕ್ತಾರಾ?”

“ಕೇಳ್ತಾನೇ ಇದೀವಿ,” ಎಂದು ನರಸಪ್ಪನವರು ಇನ್ನೊಂದು ಕಾಫಿ ಹೇಳಿದರು.

ಜೂನ್ ಬಂತು. ಸುನೀಲ್‌ಕುಮಾರ್‌ಗೆ ಫೋನು ಮಾಡಿದರು.

“ಮಾವ, ಕರ್ಕೊಂಡು ಬರೋಣ ಅಂತಾನೇ ಇದ್ದೆ. ನಮ್ಮೋಳಿಗೆ ಈಗ ಏಳು ತಿಂಗಳು. ಅಮ್ಮಂಗೆ ಹಸು ಕರೆಯೋದ್ರಲ್ಲೇ ಸಾಕಾಗುತ್ತೆ. ಈ ಸಲ ನೀವು ಸುಧಾರಿಸ್ಕೊಳ್ಳಿ, ನಮ್ಮ ಪೂರ್ತಿ ಬೆಂಬಲ ಇದೆ.”

ಬೆಂಬಲ ಇದೆ ಎಂಬ ಸುದ್ದಿಯನ್ನು ನರಸಪ್ಪನವರು ಹೆಂಡತಿಗೆ ತಲುಪಿಸಿ ಪೇಪರು ತೆರೆದರು. ಯಶೋದಮ್ಮನವರ ಮಂಡಿನೋವು ಆ ಮಳೆಗಾಲದಲ್ಲಿ ಜಾಸ್ತಿಯಾಯಿತು. ಮಗುವನ್ನು ಅಂಗನವಾಡಿಗೆ ಬಿಡಲು ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದರು. ಕೂತಾಗ ಎದುರಿಗೇ ಹೋಟೆಲು ಕಾಣುತ್ತಿತ್ತು. ಒಳಗೆ ಗಂಡ ಕೈ ಆಡಿಸುತ್ತ ಮಾತಾಡುತ್ತಿರುವುದೂ ಕಾಣುತ್ತಿತ್ತು.

ಅಕ್ಟೋಬರ್‌ನಲ್ಲಿ ಬೀರೇಶನ ಸರದಿ. ಚಿಕ್ಕಬಳ್ಳಾಪುರ ಆಗಷ್ಟೇ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. “ಅಪ್ಪ, ಜಿಲ್ಲೆ ಆದ್ಮೇಲೆ ರಶ್ಶೋ ರಶ್ಶು. ಡಬಲ್ ಡ್ಯೂಟಿ ಹಾಕ್ತಿದಾರೆ. ಮೂರು ಜನ ಗಂಡಸರಿರೋ ರೂಮಲ್ಲಿ ಹೆಣ್ಣುಮಗೂನ ಎಲ್ಲಿ ಮಲಗಿಸ್ಲಿ?” ಅಂದ. ನರಸಪ್ಪನವರಿಗೆ ಅದೂ ನ್ಯಾಯವಾಗಿಯೇ ಕಂಡಿತು. ತಮಗೆ ತೊಂದರೆಯಾಗದ ನ್ಯಾಯ ಯಾವತ್ತೂ ಬೇಗ ಅರ್ಥವಾಗುತ್ತದೆ.

ಅದೇ ತಿಂಗಳು ಗೌರಿಬಿದನೂರಿನ ಕಾಲೇಜೊಂದರಿಂದ ಇಬ್ಬರು ಅಧ್ಯಾಪಕರು ಮನೆಗೆ ಬಂದರು. ಇಪ್ಪತ್ತನಾಲ್ಕಕ್ಕೆ ವಿಶ್ವಸಂಸ್ಥೆ ದಿನಾಚರಣೆ, ಶಾಂತಿಪಾಲಕಿಯ ಮಾವ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು. ನರಸಪ್ಪನವರು ಒಂದು ವಾರ ಕೂತು ಭಾಷಣ ಬರೆದರು. ‘ಶಾಂತಿಯ ಹೊರೆ ಯಾರ ಹೆಗಲಿಗೆ?’ ಎಂದು ತಲೆಬರಹ.

ಇಪ್ಪತ್ತನಾಲ್ಕರ ಬೆಳಿಗ್ಗೆ ಅವರು ಬಿಳಿ ಪಂಚೆ ಉಟ್ಟು ಬರುವಷ್ಟರಲ್ಲಿ ಯಶೋದಮ್ಮ ಹೊಸ ಸೀರೆ ಉಟ್ಟು, ಕೈಯಲ್ಲಿ ಬ್ಯಾಗು ಹಿಡಿದು ಜಗುಲಿಯ ಮೇಲೆ ಕೂತಿದ್ದರು.

“ನೀನೂ ಬರ್ತೀಯಾ ಭಾಷಣಕ್ಕೆ?” ಎಂದು ನರಸಪ್ಪನವರು ಹಿಗ್ಗಿದರು.

“ಇಲ್ಲ. ಚಿಂತಾಮಣಿಗೆ ಹೋಗ್ತಿದೀನಿ, ಕದಿರಮ್ಮನ ಮನೆಗೆ. ಅಲ್ಲಿ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕೋರು ಒಬ್ರಿದಾರಂತೆ. ಹದಿನೈದು ದಿನ ಆಗುತ್ತೆ.”

ಕದಿರಮ್ಮ ಯಶೋದಮ್ಮನವರ ತಂಗಿ. ನರಸಪ್ಪನವರು ಕೈ ಎತ್ತಿದರು. ಯಶೋದಮ್ಮ ಆ ಕೈಗೆ ಒಂದು ಹಾಳೆ ಕೊಟ್ಟರು. ಮೂವರ ಸಹಿ ಇದ್ದ ಹಾಳೆ.

“ಇದ್ರಲ್ಲಿ ಬರ್ದಿರೋ ಪ್ರಕಾರ ನಮ್ಮ ಮನೆ ಸರದಿ ಮೇ ತಿಂಗಳಿಗೇ ಮುಗೀತು. ಅದ್ರ ಮೇಲೆ ಐದು ತಿಂಗಳು ನಾನು ನೋಡ್ಕೊಂಡಿದೀನಿ. ನಾನಿದಕ್ಕೆ ಸಹಿ ಹಾಕಿಲ್ಲ, ನನ್ನನ್ನ ಯಾರೂ ಕೇಳೂ ಇಲ್ಲ. ಮಗು ಎದ್ದಿದೆ, ಹಾಲು ಕುಡ್ದಿದೆ. ಜಡೆ ಹಾಕ್ಬೇಕು.”

ಮಂಚೇನಹಳ್ಳಿ ಕಡೆಯ ಬಸ್ಸು ಬಂತು. ಯಶೋದಮ್ಮ ಕುಂಟುತ್ತ ಹತ್ತಿದರು. ಹಿಂತಿರುಗಿ ಕೈ ಬೀಸಿದ್ದು ಮಗುವಿಗೆ ಮಾತ್ರ.

ಬೇರೆ ದಾರಿಯಿಲ್ಲದೆ ನರಸಪ್ಪನವರು ಮೊಮ್ಮಗಳನ್ನೂ ಗೌರಿಬಿದನೂರಿಗೆ ಕರೆದೊಯ್ದರು. ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಬೆನ್ನ ಮೇಲಿತ್ತು. ವೇದಿಕೆಯ ಮೇಲೆ ಶಾಂತಿಪಾಲಕಿಯ ಮಗಳನ್ನು ಕಂಡು ಕಾಲೇಜಿನವರು ಭಾರೀ ಸಂತೋಷಪಟ್ಟರು, ಅವಳಿಗೂ ಒಂದು ಕುರ್ಚಿ ಹಾಕಿದರು. ಭಾಷಣ ಚೆನ್ನಾಗಿಯೇ ಸಾಗಿತು. ಐದು ರಾಷ್ಟ್ರಗಳನ್ನು ತರಾಟೆಗೆ ತೆಗೆದುಕೊಂಡು, “ತೀರ್ಮಾನ ಮಾಡುವವರು ಒಬ್ಬರು, ದುಡಿಯುವವರು ಇನ್ನೊಬ್ಬರು, ಇದು ಎಲ್ಲಿಯ ನ್ಯಾಯ?” ಎಂದು ಅವರು ಗುಡುಗಿದಾಗ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಮಧ್ಯೆ ಚೈತ್ರ ಪಂಚೆ ಜಗ್ಗಿದಳು.

“ತಾತ, ಒಂದಕ್ಕೆ.”

ಮೈಕು ಹತ್ತಿರವೇ ಇತ್ತು. ಸಭೆಯೆಲ್ಲ ನಕ್ಕಿತು. ಅಧ್ಯಾಪಕಿಯೊಬ್ಬರು ಮಗುವನ್ನು ಕರೆದುಕೊಂಡು ಹೋಗಿ ಬಂದರು. ಬಂದವರು ಪ್ರೀತಿಯಿಂದ ಮೈಕನ್ನು ಮಗುವಿನ ಮುಂದೆ ಹಿಡಿದು, “ಅಮ್ಮ ಆಫ್ರಿಕಾದಲ್ಲಿದಾರೆ. ಇಲ್ಲಿ ನಿನ್ನ ಯಾರು ನೋಡ್ಕೋತಾರೆ ಪುಟ್ಟಿ?” ಎಂದು ಕೇಳಿದರು.

“ಅಜ್ಜಿ.”

“ತಾತ ಏನ್ಮಾಡ್ತಾರೆ?”

ಚೈತ್ರ ಸ್ವಲ್ಪ ಯೋಚಿಸಿದಳು. “ತಾತ ಹೋಟ್ಲಲ್ಲಿ ಇರ್ತಾರೆ.”

ಈ ಸಲದ ನಗು ನಿಲ್ಲಲು ಹೊತ್ತು ಹಿಡಿಯಿತು. ನರಸಪ್ಪನವರು ಉಳಿದ ಎರಡು ಪುಟ ಮಡಚಿ ಜೇಬಿಗೆ ಹಾಕಿ, ಜೈ ಹಿಂದ್ ಅಂದು ಕೂತರು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಮಗುವಿಗೆ ಅನ್ನ ಕಲಸಿದರೆ ಅಜ್ಜಿ ಹೀಗೆ ಕಲಸಲ್ಲ ಅನ್ನುತ್ತಿತ್ತು. ತಲೆಯಲ್ಲಿ ಹೇನಾಗಿತ್ತು. ನರಸಪ್ಪನವರು ಕನ್ನಡಕ ಹಾಕಿಕೊಂಡು ಬಿಸಿಲಲ್ಲಿ ಕೂತು ಹೇನು ತೆಗೆಯುವುದನ್ನು ಕಂಡು, ದಾರಿಯಲ್ಲಿ ಹೋಗುವ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ನಾಲ್ಕನೆಯ ದಿನ ಅವರು ಬೀರೇಶನಿಗೂ ಸುನೀಲನಿಗೂ ಫೋನು ಮಾಡಿ ಒಪ್ಪಂದದ ಸಾಲುಗಳನ್ನು ಓದಿ ಹೇಳಿದರು. ಬೀರೇಶ್ ವಿಷಾದ ವ್ಯಕ್ತಪಡಿಸಿದ. ಸುನೀಲ್, “ಮಾವ, ನಿಮ್ಮ ತ್ಯಾಗಾನ ನಾವು ಮರೆಯಲ್ಲ,” ಅಂದ. ಪತ್ರಿಕೆಯಲ್ಲಿ ಇಂಥ ಮಾತುಗಳನ್ನು ಎಷ್ಟು ಸಲ ಓದಿದ್ದರೋ. ಫೋನಿನಲ್ಲಿ ತಮಗೇ ಹೇಳಿದಾಗ ಅದರ ರುಚಿ ಬೇರೆ ಇತ್ತು.

ಆರನೆಯ ದಿನ ಮಗುವಿಗೆ ಜ್ವರ ಬಂತು. ಅದು ಊರಲ್ಲೆಲ್ಲ ಕೀಲುಗಳನ್ನು ಹಿಂಡುವ ಜ್ವರ ಓಡಾಡುತ್ತಿದ್ದ ಕಾಲ. ನರಸಪ್ಪನವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ಪ್ಯಾಸೆಂಜರ್ ಹಿಡಿದು ಗೌರಿಬಿದನೂರಿಗೆ ಓಡಿದರು. ಡಾಕ್ಟರು ನೋಡಿ, ಹೆದರಬೇಡಿ, ಸಾಧಾರಣ ಜ್ವರ, ಮೂರು ದಿನ ಒದ್ದೆಬಟ್ಟೆ ಹಾಕುತ್ತಿರಿ, ಗಂಟೆಗೊಮ್ಮೆ ಏನಾದರೂ ಕುಡಿಸಿ ಎಂದರು. ಗಂಟೆಗೊಮ್ಮೆ ಕುಡಿಸುವುದು ಎಂದರೆ ಮಿಕ್ಕ ಐವತ್ತು ನಿಮಿಷ ಕುಡಿ ಕುಡಿ ಎಂದು ಗೋಗರೆಯುವುದು ಎಂದು ನರಸಪ್ಪನವರಿಗೆ ಆಗ ತಿಳಿಯಿತು. ಮೂರು ದಿನ ಹೋಟೆಲಿಗೆ ಹೋಗಲಿಲ್ಲ. ಪೇಪರುಗಳು ಮಡಿಕೆ ಬಿಚ್ಚದೆ ಬಿದ್ದಿದ್ದವು. ಆಮೇಲೆ ಅವುಗಳಲ್ಲೇ ಒಂದನ್ನು ಮಗುವಿಗೆ ಗಾಳಿ ಹಾಕಲು ಮಡಚಿಕೊಂಡರು.

ಭಾನುವಾರ ಮಧ್ಯಾಹ್ನ ರಾಧಾಮಣಿಯ ಫೋನು. ಪ್ರತಿ ಭಾನುವಾರ ಅವಳ ಮಾತಿಗೆ ಐದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ನರಸಪ್ಪನವರೇ ಪ್ರಶ್ನೆ ಕೇಳಿ ಹೋಟೆಲಿಗೆ ಬೇಕಾದ ಸುದ್ದಿ ಸಂಗ್ರಹಿಸುತ್ತಿದ್ದರು. ಅಂದು ಏನೂ ಕೇಳಲಿಲ್ಲ.

“ಚೈತ್ರ ಎಲ್ಲಿ ಮಾವ?”

“ಮಲಗಿದೆಯಮ್ಮ. ಆಡಿ ಸುಸ್ತಾಗಿದೆ.” ಅದು ಸುಳ್ಳು. ಹತ್ತು ಸಾವಿರ ಕಿಲೋಮೀಟರು ದೂರ ಇರುವವಳಿಗೆ ಜ್ವರದ ಸುದ್ದಿ ಕೊಟ್ಟು ಮಾಡುವುದೇನು? “ನೀನು ಹೆಂಗಿದೀಯಮ್ಮ?”

ಒಂಬತ್ತು ತಿಂಗಳಲ್ಲಿ ಈ ಪ್ರಶ್ನೆ ಅವರು ಕೇಳಿದ್ದು ಮೊದಲ ಸಲ.

“ಕಾಲು ನೋಯುತ್ತೆ ಮಾವ. ದಿನಾ ಅಲ್ಲಿನ ಅಧ್ಯಕ್ಷರ ಆಫೀಸಿನ ಮುಂದೆ ನಿಂತಿರ್ತೀವಿ. ಅವ್ರೂ ಹೆಂಗಸೇ. ಏನೂ ಆಗಲ್ಲ. ಏನೂ ಆಗ್ಲಿಲ್ಲ ಅಂದ್ರೆ ಅವತ್ತಿನ ಕೆಲಸ ಚೆನ್ನಾಗಾಯ್ತು ಅಂತ. ಮನೇಲಿ ಅಡುಗೆ ಮಾಡ್ದಂಗೇ, ಮಾಡಿದ್ದು ಯಾರಿಗೂ ಕಾಣಲ್ಲ, ಮಾಡ್ದಿದ್ರೆ ಕಾಣುತ್ತೆ.” ಅವಳು ನಕ್ಕಳು. “ನಮ್ಮ ಜಾಗಕ್ಕೆ ಬರೋ ತಂಡ ಸ್ವಲ್ಪ ತಡ ಆಗ್ಬಹುದಂತೆ. ಅವ್ರು ಬರೋವರ್ಗೂ ನಾವೇ ನಿಲ್ಬೇಕು. ಅತ್ತೆಗೆ ಕೊಡಿ ಮಾವ.”

“ಅತ್ತೆ... ಅಂಗಡಿಗೆ ಹೋಗಿದಾಳೆ.”

ಎರಡನೆಯ ಸುಳ್ಳು. ಫೋನು ಇಟ್ಟ ಮೇಲೆ ನರಸಪ್ಪನವರು ಬಹಳ ಹೊತ್ತು ಮಗುವಿನ ಕಾಲ ಬಳಿ ಕೂತಿದ್ದರು. ಏನೂ ಆಗದಿದ್ದ ದಿನಗಳು ಆ ಮನೆಯಲ್ಲಿ ಎಷ್ಟಿದ್ದವು ಎಂದು ಯೋಚಿಸಿದರು. ಮದುವೆಯಾಗಿ ಮೂವತ್ತೆಂಟು ವರ್ಷ. ಹೆಚ್ಚು ಕಡಿಮೆ ಎಲ್ಲ ದಿನವೂ ಊಟದ ಹೊತ್ತಿಗೆ ಊಟ ಆಗಿತ್ತು.

ಜ್ವರ ಬಿಟ್ಟ ಎರಡು ದಿನಕ್ಕೆ ಮಗುವನ್ನು ಕರೆದುಕೊಂಡು ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೊರಟರು. ಕದಿರಮ್ಮ ಬಾಗಿಲಲ್ಲೇ ಎದುರಾಗಿ, “ಏಂ ಬಾವಾ, ಇಪ್ಪುಡು ಗುರ್ತೊಚ್ಚಿನಾಮಾ ಮೇಮು?” ಎಂದು ತೆಲುಗಿನಲ್ಲೇ ಕುಟುಕಿದಳು. ಈಗ ನೆನಪಾದೆವೇನೋ ನಾವು, ಅಂತ. ಯಶೋದಮ್ಮ ಒಳಗೆ ಚಾಪೆಯ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು. ಮುಖ ತುಂಬಿಕೊಂಡಿತ್ತು. ಮಗು ಓಡಿಹೋಗಿ ಮಡಿಲಿಗೆ ಬಿತ್ತು. ಯಶೋದಮ್ಮ ಅದರ ಕುತ್ತಿಗೆ ಮುಟ್ಟಿ ನೋಡಿದರು, ಕಣ್ಣ ಕೆಳಗೆ ನೋಡಿದರು.

“ಜ್ವರ ಬಂದಿತ್ತಾ?”

“ಬಂದಿತ್ತು. ಹೋಯ್ತು.”

“ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?”

“ನಾನಿದ್ನಲ್ಲ.”

ಯಶೋದಮ್ಮ ಗಂಡನ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದರು. ಆಮೇಲೆ ಬೀಳುವಂತಿದ್ದ ಮಗುವಿನ ಜಡೆಯನ್ನು ಬಿಚ್ಚಿ ಸರಿಮಾಡತೊಡಗಿದರು.

“ಯಾವಾಗ ಬರ್ತೀಯಾ?” ಎಂದು ನರಸಪ್ಪನವರು ಕೇಳಿದರು.

“ಹದಿನೈದು ದಿನ ಅಂದಿದ್ದೆ. ಇನ್ನೂ ಮೂರು ದಿನ ಇದೆ.”

“ಬಂದ್ಮೇಲೆ ಬೆಳಿಗ್ಗೆ ಹೊತ್ತು ನಾನು ನೋಡ್ಕೋತೀನಿ. ಅಂಗನವಾಡಿಗೆ ಬಿಡೋದು, ಕರ್ಕೊಂಡು ಬರೋದು, ಸ್ನಾನ.”

“ಹಾಳೆ ಮೇಲೆ ಬರೀಬೇಡಿ,” ಅಂದರು ಯಶೋದಮ್ಮ. “ಮಾಡಿ, ಸಾಕು.”

ನರಸಪ್ಪನವರು ಮೂರು ದಿನ ಅಲ್ಲೇ ಉಳಿದರು. ಊರಿಗೆ ಮರಳಿದ ಮೇಲೆ ಹೇಳಿದಷ್ಟನ್ನೂ ಮಾಡಿದರು. ಮೊದಮೊದಲು ಹೋಟೆಲಿನವರಿಗೆ ಕಾಣುವಂತೆ ಮಾಡಿದರು, ಆಮೇಲೆ ಸುಮ್ಮನೆ ಮಾಡಿದರು.

ರಾಧಾಮಣಿ ಬಂದದ್ದು ಮುಂದಿನ ವರ್ಷದ ಫೆಬ್ರವರಿಯಲ್ಲಿ, ಎದೆಯ ಮೇಲೆ ಪದಕದೊಂದಿಗೆ. ಚಿಕ್ಕಬಳ್ಳಾಪುರದ ಸಂಘವೊಂದು ಹೊಸ ಜಿಲ್ಲೆಯ ಹೆಮ್ಮೆಯ ಮಗಳಿಗೆ ಸನ್ಮಾನ ಇಟ್ಟುಕೊಂಡಿತು. ಸುನೀಲ್‌ಕುಮಾರ್ ವೇದಿಕೆಯ ಮೇಲಿದ್ದ. ಡಬಲ್ ಡ್ಯೂಟಿಯ ಬೀರೇಶನಿಗೂ ಅಂದು ರಜೆ ಸಿಕ್ಕಿತ್ತು. “ಇಡೀ ಕುಟುಂಬ ಹೊಣೆಯನ್ನು ಸಮನಾಗಿ ಹಂಚಿಕೊಂಡಿತು,” ಎಂದು ಸಂಘದ ಅಧ್ಯಕ್ಷರು ಹೇಳಿದಾಗ ಇಬ್ಬರೂ ವಿನಯದಿಂದ ತಲೆ ತಗ್ಗಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಯಶೋದಮ್ಮ ಗಂಡನ ಕಡೆ ನೋಡಿದರು. ನರಸಪ್ಪನವರಿಗೆ ಅದು ಕೇಳಿಸಿರಲಿಲ್ಲ. ಅವರು ಮಗುವಿನ ಚಪ್ಪಲಿಯ ಬಕಲು ಹಾಕುತ್ತಿದ್ದರು.

ತೊಂದರೆ ಬಂದದ್ದು ಮನೆಗೆ ಹೋದ ಮೇಲೆ. ಚೈತ್ರ ತಾಯಿಯ ಹತ್ತಿರ ಹೋಗಲಿಲ್ಲ, ತಾತನ ಪಂಚೆಯ ಹಿಂದೆ ನಿಂತು ಇಣುಕಿದಳು. ರಾಧಾಮಣಿ ಬಲವಂತ ಮಾಡಲಿಲ್ಲ. ಅಂಗಳದಲ್ಲಿ ನಾಲ್ಕು ಮಾರು ದೂರ ನೆಲದ ಮೇಲೆ ಕೂತಳು, ಒಂದು ಮಾತೂ ಆಡದೆ ಕೂತೇ ಇದ್ದಳು. ಅರ್ಧ ಗಂಟೆಯ ಮೇಲೆ ಮಗು ಹೋಗಿ ಪದಕ ಮುಟ್ಟಿ ಓಡಿ ಬಂತು. ಮಾರನೆಯ ದಿನ ತೊಡೆಯ ಮೇಲೆ ಕೂತಿತು. ಆದರೆ ಮತ್ತೆ ದೆಹಲಿಗೆ ಹೋಗಬೇಕು ಎಂದಾಗ, ತಾತ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಕಂಬ ಹಿಡಿದುಕೊಂಡಿತು.

ಜಗುಲಿಯ ಮೇಲೆ ಕೂತಿದ್ದ ಬೀರೇಶ್ ಉಗುರು ನೋಡಿಕೊಂಡ.

“ನಾಲ್ಕು ತಿಂಗಳು ನಾನೇ ಹೋಗಿ ಬರ್ತೀನಿ,” ಅಂದರು ನರಸಪ್ಪನವರು. “ಯಶೋದ, ನೀನೂ ಬಾ. ಇಬ್ರೂ ಇದ್ರೆ—”

“ನಂಗೆ ಮಂಡಿ ತೋರಿಸ್ಕೊಳ್ಳೋದಿದೆ,” ಎಂದ ಯಶೋದಮ್ಮ, ಗಂಡ ಮಾತು ಮುಗಿಸುವ ಮೊದಲೇ ಎದ್ದು ಅವರ ಸ್ವೆಟರು ಹುಡುಕಲು ಒಳಗೆ ಹೋದರು.

ದೆಹಲಿಯ ಕ್ಯಾಂಪಿನಲ್ಲಿ ರಾಧಾಮಣಿ ಡ್ಯೂಟಿಗೆ ಹೋದ ಮೇಲೆ ನರಸಪ್ಪನವರು ಮೊಮ್ಮಗಳನ್ನು ಕರೆದುಕೊಂಡು ಕ್ವಾರ್ಟರ್ಸಿನ ನಡುವಿನ ಅಂಗಳಕ್ಕೆ ಬರುತ್ತಿದ್ದರು. ಕಾನ್‌ಸ್ಟೇಬಲ್ಲುಗಳ ಮಕ್ಕಳು ಅಲ್ಲಿ ಆಡುತ್ತಿದ್ದವು. ಅವುಗಳನ್ನು ಕಾಯುತ್ತ ಹರಿಯಾಣದ, ಮಣಿಪುರದ, ಕೇರಳದ ಅಜ್ಜಿಯರು ಬಿಸಿಲು ಕಾಯಿಸುತ್ತ ಕೂತಿರುತ್ತಿದ್ದರು. ಗಂಡಸು ಇವರೊಬ್ಬರೇ. ಮೊದಲ ದಿನ ಹರಿಯಾಣದ ಅಜ್ಜಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ ಏನೋ ಕೇಳಿದಳು. ನರಸಪ್ಪನವರು ರೈಲ್ವೆಯಲ್ಲಿ ಕಲಿತ ಹಿಂದಿಯನ್ನೆಲ್ಲ ಒಟ್ಟುಗೂಡಿಸಿದರು.

“ಬಹೂ ಡ್ಯೂಟಿ. ಹಮ್ ಭೀ ಡ್ಯೂಟಿ.”

ಸೊಸೆಗೆ ಡ್ಯೂಟಿ, ನಮಗೂ ಡ್ಯೂಟಿ ಎಂಬುದು ಅಜ್ಜಿಗೆ ಚೆನ್ನಾಗಿ ಅರ್ಥವಾಯಿತು. ತಲೆಯಾಡಿಸಿ, ತನ್ನ ಮಡಿಲಲ್ಲಿದ್ದ ಒಂದು ವರ್ಷದ ಮೊಮ್ಮಗನನ್ನು ಎತ್ತಿ ನರಸಪ್ಪನವರ ತೊಡೆಯ ಮೇಲೆ ಕೂರಿಸಿ, ಎರಡೇ ನಿಮಿಷ ಎಂದು ಬೆರಳು ತೋರಿಸಿ, ಕೊಡ ಹಿಡಿದು ನಲ್ಲಿಯ ಕಡೆ ನಡೆದಳು. ಒಂದು ಗಂಟೆಯಾದರೂ ಬರಲಿಲ್ಲ.